ಡಿಸ್ಕ್ ಸದ್ದು ಮಾಡ್ತಿದ್ರೆ ಮೊದಲು ಇದನ್ನ ಹಾಕಿ ನೋಡಿ: ಕ್ರಿಸ್ಟಲ್ ಡಿಸ್ಕ್ ಇನ್ಫೋ, ಐದಕ್ಕೆ ನಾಲ್ಕು

ನಮ್ದು ಶಿವಮೊಗ್ಗದಲ್ಲಿ ಫೋಟೋ ಸ್ಟುಡಿಯೋ. ಒಂದೊಂದು ಮದ್ವೆ ಫೋಟೋ, ವಿಡಿಯೋ ಸೇರಿದ್ರೆ ನೂರಾರು ಜಿಬಿ ಆಗುತ್ತೆ, ಅಷ್ಟನ್ನೂ ಎಸ್‌ಎಸ್‌ಡಿಲಿ ಇಡೋಷ್ಟು ದುಡ್ಡು ನಮ್ಮತ್ರ ಇಲ್ಲ, ಹಾಗಾಗಿ ಡೆಸ್ಕ್‌ಟಾಪ್ ಒಳಗೆ ತಿರುಗೋ ಹಾರ್ಡ್ ಡಿಸ್ಕೇ ಗತಿ. ಅದು ಹೊಸದಾಗಿ ಏನಾದ್ರೂ ಸದ್ದು ಶುರು ಮಾಡಿದ್ರೆ ಅದು ಯಾವ್ ಸದ್ದು, ಎಷ್ಟು ಸೀರಿಯಸ್ಸು ಅಂತ ಗೊತ್ತಾಗ್ಬೇಕಲ್ಲ, ಅದಕ್ಕೆ ನಾನು ಬಳಸೋದು ಕ್ರಿಸ್ಟಲ್ ಡಿಸ್ಕ್ ಇನ್ಫೋ. ಜಪಾನಿನ ಸಾಫ್ಟ್‌ವೇರು, ಫ್ರೀ, ವಿಂಡೋಸ್‌ಗೆ ಮಾತ್ರ. ಡಿಸ್ಕ್ ತನ್ನ ಬಗ್ಗೆ ತಾನೇ ಬರ್ಕೊಳ್ಳೋ ಲೆಕ್ಕ ಒಂದಿರುತ್ತೆ, ಸ್ಮಾರ್ಟ್ ಡೇಟಾ ಅಂತಾರೆ, ಅದನ್ನ ತೆಗೆದು ನಮ್ಗೆ ತೋರಿಸುತ್ತೆ, ಅಷ್ಟೇ ಇದರ ಕೆಲಸ.

ಓಪನ್ ಮಾಡಿದ ತಕ್ಷಣ ಎಡಗಡೆ ಒಂದು ಬಣ್ಣದ ಡಬ್ಬ ಕಾಣುತ್ತೆ. ನೀಲಿ ಅಂದ್ರೆ ಗುಡ್, ಹಳದಿ ಅಂದ್ರೆ ಕಾಷನ್, ಕೆಂಪು ಅಂದ್ರೆ ಬ್ಯಾಡ್. ತುಂಬಾ ಜನ ಅದನ್ನ ನೋಡಿ ಕ್ಲೋಸ್ ಮಾಡ್ತಾರೆ, ಆದ್ರೆ ನಿಜವಾದ ವಿಷ್ಯ ಇರೋದು ಕೆಳಗಿನ ಪಟ್ಟಿಲಿ. ಅದ್ರಲ್ಲಿ ಎಲ್ಲಾನೂ ಓದೋಕೆ ಹೋಗ್ಬೇಡಿ ತಲೆ ಕೆಡುತ್ತೆ, 05, ಸಿ5, ಸಿ6 ಈ ಮೂರು ಸಾಲು ನೋಡಿ ಸಾಕು. 05 ಅಂದ್ರೆ ಕೆಟ್ಟಿದೆ ಅಂತ ತೀರ್ಮಾನ ಆಗಿ ಬೇರೆ ಕಡೆ ಜಾಗ ಕೊಟ್ಟಿರೋ ಸೆಕ್ಟರ್‌ಗಳು (ಡೇಟಾ ಇಡೋ ಸಣ್ಣ ಸಣ್ಣ ಖಾನೆಗಳು), ಸಿ5 ಅಂದ್ರೆ ಓದೋಕೆ ಆಗ್ತಿಲ್ಲ ಇನ್ನೂ ತೀರ್ಮಾನ ಆಗಿಲ್ಲ ಅನ್ನೋವು, ಸಿ6 ಅಂದ್ರೆ ಸರಿ ಮಾಡೋಕೆ ಆಗದೆ ಹೋಗಿದ್ದು. ಸಾಲಿನ ಕೊನೇಲಿರೋ ನಂಬರ್ (ರಾ ವ್ಯಾಲ್ಯೂ) ಮೂರಕ್ಕೂ ಸೊನ್ನೆ ಇದ್ರೆ ಅರ್ಧ ಸಮಾಧಾನ.

ಯಾಕೆ ಅರ್ಧ ಅಂತ ಆಮೇಲೆ ಹೇಳ್ತೀನಿ, ಮೊದಲು ಇದು ಕೆಲಸಕ್ಕೆ ಬಂದಿದ್ದು ಹೇಗೆ ಅಂತ ಕೇಳಿ. ನಮ್ಮ ಕೌಂಟರ್ ಸಿಸ್ಟಮ್ ಗರಗರ ಅಂತಿತ್ತು, ಸರ್ವಿಸ್‌ಗೆ ಬಂದ ಹುಡುಗ ಕ್ಯಾಬಿನೆಟ್ ಬಿಚ್ಚದೇನೇ "ಅಣ್ಣಾ ಡಿಸ್ಕ್ ಹೋಗ್ತಾ ಇದೆ, ಹೊಸದು ಹಾಕ್ಸಿಬಿಡಿ" ಅಂದ. ಇದ್ರಲ್ಲಿ ನೋಡಿದ್ರೆ ಮೂರೂ ಸಾಲು ಸೊನ್ನೆ, ಟೆಂಪರೇಚರ್ 38. ಆಮೇಲೆ ಸೈಡ್ ಪ್ಯಾನಲ್ ತೆಗೆದು, ಗ್ಯಾರೇಜ್ ಮೇಸ್ತ್ರಿ ಇಂಜಿನ್‌ಗೆ ಸ್ಕ್ರೂಡ್ರೈವರ್ ಇಟ್ಟು ಹಿಡಿ ಕಿವಿಗೆ ಒತ್ತಿ ಕೇಳ್ತಾರಲ್ಲ ಹಾಗೆ ಡಿಸ್ಕ್ ಮೇಲೆ ಇಟ್ಟು ಕೇಳಿದೆ, ಒಳಗೆ ನುಣ್ಣಗೆ ಗುಂಯ್ ಅಂತಿದೆ ಅಷ್ಟೇ. ಸದ್ದು ಬರ್ತಿದ್ದಿದ್ದು ಹಿಂದಿನ ಫ್ಯಾನಿಂದ, ಧೂಳು ಕಟ್ಟಿ ಬೇರಿಂಗ್ ಹೋಗಿತ್ತು. ಸ್ಕ್ರೂಡ್ರೈವರ್ ಇಡೋಕೆ ಭಯ ಆದ್ರೆ ಬೇಡ, ಸಿಸ್ಟಮ್ ಆಫ್ ಮಾಡಿ ಪ್ಲಗ್ ತೆಗೆದು ಡಿಸ್ಕಿನ ಎರಡೂ ಕೇಬಲ್ ಬಿಚ್ಚಿ ಮತ್ತೆ ಆನ್ ಮಾಡಿ, ವಿಂಡೋಸ್ ಬರದೇ ಇದ್ರೂ ಪರ್ವಾಗಿಲ್ಲ, ಸದ್ದು ಹಾಗೇ ಇದ್ರೆ ಡಿಸ್ಕ್ ಪಾಪ ನಿರಪರಾಧಿ.

ಈಗ ಸದ್ದಿನ ವಿಷ್ಯ. ಫೈಲ್ ಕಾಪಿ ಮಾಡ್ವಾಗ ಚರಚರ ಅನ್ನೋದು ಹೆಡ್ (ಒಳಗೆ ತಿರುಗೋ ತಟ್ಟೆ ಮೇಲಿನ ಡೇಟಾ ಓದಿ ಬರೆಯೋ ಭಾಗ) ಓಡಾಡೋ ಸದ್ದು, ಎಲ್ಲಾ ಡಿಸ್ಕಲ್ಲೂ ಇರುತ್ತೆ, ಹೆದರ್ಬೇಡಿ. ಒಂದೇ ಸಮ ಗುಂಯ್ ಅಂತ ಇಡೀ ಕ್ಯಾಬಿನೆಟ್ ನಡುಗೋದು ಬಹಳ ಸಲ ಸ್ಕ್ರೂ ಲೂಸ್ ಆಗಿರೋದಕ್ಕೆ. 7200 ಆರ್‌ಪಿಎಂ ಡಿಸ್ಕ್ ಅಂದ್ರೆ ಸೆಕೆಂಡಿಗೆ 120 ಸುತ್ತು, ತಗಡಿನ ಕ್ಯಾಬಿನೆಟ್‌ಗೆ ಅಷ್ಟು ಸಾಕು, ನಾಲ್ಕೂ ಸ್ಕ್ರೂ ಟೈಟ್ ಮಾಡಿ. ಕರೆಂಟ್ ಪಟ್ ಅಂತ ಹೋದಾಗ ಒಂದ್ಸಲ ಜೋರಾಗಿ ಟಕ್ ಅನ್ನೋದು, ತಟ್ಟೆ ಇನ್ನೂ ತಿರುಗ್ತಿರೋ ಶಕ್ತಿಲೇ ಡಿಸ್ಕು ತನ್ನ ಹೆಡ್‌ನ ಎಳ್ಕೊಂಡು ಪಾರ್ಕ್ ಮಾಡೋದು. ಅದರ ಲೆಕ್ಕ ಸಾಮಾನ್ಯವಾಗಿ ಸಿ0 ಸಾಲಲ್ಲಿ ಇರುತ್ತೆ, ನಮ್ಮ ಯುಪಿಎಸ್ ಬ್ಯಾಟರಿ ಸತ್ತಿದೆ ಅಂತ ಗೊತ್ತಾಗಿದ್ದೇ ಆ ನಂಬರ್ ಏರ್ತಾ ಇರೋದು ನೋಡಿ.

ಹೆದರ್ಬೇಕಾದ್ದು ತಾಳ ಹಾಕಿದ ಹಾಗೆ ಒಂದೇ ಅಂತರದಲ್ಲಿ ಬರೋ ಟಕ್... ಟಕ್... ಟಕ್. ತಾನು ಎಲ್ಲಿದೀನಿ ಅನ್ನೋ ಗುರುತನ್ನೇ ಹೆಡ್‌ಗೆ ಓದೋಕೆ ಆಗದೆ ವಾಪಸ್ ಹೋಗಿ ಮತ್ತೆ ಬರ್ತಾ ಇರುತ್ತೆ. ಆದ್ರೆ ಇಲ್ಲೂ ಒಂದು ತಿರುವು ಇದೆ, ಎಸ್‌ಎಂಪಿಎಸ್ (ಕ್ಯಾಬಿನೆಟ್ ಒಳಗೆ ಕರೆಂಟ್ ಕೊಡೋ ಡಬ್ಬ) ವೀಕ್ ಇದ್ರೂ ಹೀಗೇ ಆಗ್ಬಹುದು, ಯಾಕಂದ್ರೆ ಶುರುವಲ್ಲಿ ತಿರುಗೋಕೆ ಡಿಸ್ಕು 12 ವೋಲ್ಟ್ ಲೈನಲ್ಲಿ ಸುಮಾರು 2 ಆಂಪ್ ಎಳೆಯುತ್ತೆ, ಆ ಚೀಪ್ ಪವರ್ ಕನ್ವರ್ಟರ್ ಕೇಬಲ್ ಹಾಕಿದ್ರಂತೂ ಕೇಳೋದೇ ಬೇಡ. ಅದಕ್ಕೆ ಪವರ್ ಕೇಬಲ್ ಒಂದ್ಸಲ ಬದಲಾಯಿಸಿ ನೋಡಿ, ಆಗ್ಲೂ ಟಕ್ ಟಕ್ ನಿಲ್ಲದಿದ್ರೆ ಆಫ್ ಮಾಡ್ಬಿಡಿ, ಮತ್ತೆ ಮತ್ತೆ ಆನ್ ಮಾಡಿ ನೋಡೋದು ಬೇಡ. ಆನ್ ಮಾಡಿದಾಗ ತಿರುಗದೇ ಬೀಪ್ ಬೀಪ್ ಅಂತ ಸಣ್ಣಗೆ ಕೂಗಿದ್ರೆ ಹೆಡ್ಡು ತಟ್ಟೆಗೆ ಅಂಟ್ಕೊಂಡಿರ್ಬಹುದು ಇಲ್ಲ ಮೋಟರ್ ಜಾಮ್ ಆಗಿರ್ಬಹುದು. ಇಂಥ ಕೇಸಲ್ಲಿ ಡಿಸ್ಕೇ ಡಿಟೆಕ್ಟ್ ಆಗಲ್ಲ, ಈ ಸಾಫ್ಟ್‌ವೇರ್‌ನಿಂದ ಏನೂ ಉಪಯೋಗ ಇಲ್ಲ, ಡೇಟಾ ಬೇಕೇ ಬೇಕು ಅಂದ್ರೆ ರಿಕವರಿಯೋರ ಹತ್ರಾನೇ ಹೋಗ್ಬೇಕು. ಫ್ರೀಜರ್‌ನಲ್ಲಿ ಇಡಿ ಅಂತ ಯಾರಾದ್ರೂ ಹೇಳಿದ್ರೆ ಕೈ ಮುಗೀರಿ, ತೇವ ಒಳಗೆ ಕೂತ್ರೆ ಇದ್ದದ್ದೂ ಹೋಗುತ್ತೆ.

ನಮ್ಮ ಎಡಿಟಿಂಗ್ ಸಿಸ್ಟಮ್‌ನ 2 ಟಿಬಿ ಡಿಸ್ಕಿನದು ನಿರಪರಾಧಿ ಡಿಸ್ಕು, ಸತ್ತ ಡಿಸ್ಕು ಇವೆರಡರ ನಡುವಿನ ಕೇಸು. ಸುಮ್ನಿದ್ದಾಗ ಏನಿಲ್ಲ, ಹಳೇ ಒಂದು ಮದ್ವೆ ಫೋಲ್ಡರ್ ತೆಗೆದ್ರೆ ಮಾತ್ರ ಕಟಕ್ ಕಟಕ್ ಅಂದು ವಿಂಡೋಸ್ ಸ್ವಲ್ಪ ಹೊತ್ತು ಹ್ಯಾಂಗ್. ಡಬ್ಬ ಹಳದಿ ಆಗಿತ್ತು, ಸಿ5 ಸಾಲಲ್ಲಿ ಕೊನೆಗೆ 18 ಅಂತಿತ್ತು. ಇಲ್ಲೇ ನನ್ನ ದೊಡ್ಡ ಕಂಪ್ಲೇಂಟು: ಇದು ನಂಬರ್‌ಗಳನ್ನ ಹೆಕ್ಸ್‌ನಲ್ಲಿ (ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ) ತೋರಿಸುತ್ತೆ, ಆ 18 ಅಂದ್ರೆ ನಿಜಕ್ಕೂ 24. ಸಾಮಾನ್ಯ ಮನುಷ್ಯರಿಗೆ ಯಾಕ್ರಪ್ಪ ಹೆಕ್ಸು? ಫಂಕ್ಷನ್ ಮೆನು, ಅಡ್ವಾನ್ಸ್ಡ್ ಫೀಚರ್, ರಾ ವ್ಯಾಲ್ಯೂಸ್, ಅಲ್ಲಿ 10 ಅಂತ ಇರೋದನ್ನ ಆರಿಸಿದ್ರೆ ಮಾಮೂಲಿ ಲೆಕ್ಕ ಬರುತ್ತೆ, ಇನ್‌ಸ್ಟಾಲ್ ಮಾಡಿದ ಕೂಡ್ಲೇ ಮೊದಲು ಅದನ್ನ ಮಾಡಿ. ಆ ಡಿಸ್ಕಿಂದ ಮೊದಲು ಆಲ್ಬಮ್ ಇನ್ನೂ ಡೆಲಿವರಿ ಆಗದೇ ಇರೋ ಮದ್ವೆಗಳು, ಆಮೇಲೆ ಉಳಿದಿದ್ದು, ಸದ್ದು ಮಾಡೋ ಫೋಲ್ಡರ್ ಕೊನೆಗೆ, ಈ ಆರ್ಡರ್‌ನಲ್ಲಿ ಕಾಪಿ ಮಾಡಿದ್ವಿ. ಚೆಕ್‌ಡಿಸ್ಕ್ (ಡಿಸ್ಕಿನ ತಪ್ಪು ಹುಡುಕಿ ಸರಿ ಮಾಡೋ ವಿಂಡೋಸ್ ಟೂಲು) ಓಡಿಸೋ ಸರ್ಕಸ್ ಮಾಡ್ಲಿಲ್ಲ, ಸಾಯ್ತಿರೋ ಡಿಸ್ಕಿಗೆ ಡೇಟಾ ತೆಗೆಯೋಕೆ ಮುಂಚೆ ಆ ಕೆಲಸ ಕೊಡ್ಬಾರ್ದು. ಕೊನೇ ಫೋಲ್ಡರ್‌ನಲ್ಲಿ ಕೆಲವು ಫೋಟೋ ಬರ್ಲಿಲ್ಲ, ಪುಣ್ಯಕ್ಕೆ ಅವರ ಆಲ್ಬಮ್ ಯಾವಾಗ್ಲೋ ಕೊಟ್ಟಾಗಿತ್ತು.

ಆ ಅರ್ಧ ಸಮಾಧಾನದ ವಿಷ್ಯ ಇದು. 2007ರಲ್ಲಿ ಗೂಗಲ್‌ನೋರು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಲೆಕ್ಕ ಇಟ್ಟು ಒಂದು ಪೇಪರ್ ಹಾಕಿದ್ರು. ಕೆಟ್ಟುಹೋದ ಡಿಸ್ಕ್‌ಗಳಲ್ಲಿ 36 ಪರ್ಸೆಂಟ್‌ಗಿಂತ ಜಾಸ್ತಿ ಡಿಸ್ಕ್‌ಗಳು ಟೆಂಪರೇಚರ್ ಒಂದನ್ನ ಬಿಟ್ರೆ ಸ್ಮಾರ್ಟ್‌ನಲ್ಲಿ ಒಂದು ಸೂಚನೆನೂ ಕೊಡದೇ ಹೋಗಿದ್ವು. ಅಂದ್ರೆ ನೀಲಿ ಡಬ್ಬ ನಂಬ್ಕೊಂಡು ಬ್ಯಾಕಪ್ ಇಲ್ದೆ ಕೂರೋ ಹಾಗಿಲ್ಲ, ನೀಲಿ ಇದ್ದೂ ತಾಳದ ಟಕ್ ಟಕ್ ಬಂದ್ರೆ ನಾನಂತೂ ಕಿವಿನೇ ನಂಬ್ತೀನಿ. ಅದೇ ಪೇಪರ್‌ನಲ್ಲಿ ಇನ್ನೊಂದಿದೆ, ಮೊದಲ ಸ್ಕ್ಯಾನ್ ಎರರ್ (ಡಿಸ್ಕು ತನ್ನನ್ನ ತಾನೇ ಓದಿ ನೋಡ್ವಾಗ ಸಿಗೋ ತಪ್ಪು) ಬಂದ ಡಿಸ್ಕ್ 60 ದಿನದೊಳಗೆ ಕೈಕೊಡೋ ಸಾಧ್ಯತೆ ಎರರ್ ಇಲ್ಲದ್ದಕ್ಕಿಂತ 39 ಪಟ್ಟು ಜಾಸ್ತಿ ಅಂತ, ಹಾಗಾಗಿ ಹಳದಿ ಬಂದ್ರೆ ನಾಳೆ ನೋಡೋಣ ಅನ್ಬೇಡಿ.

ಉಲ್ಟಾನೂ ಆಗುತ್ತೆ. ಸೀಗೇಟ್ ಡಿಸ್ಕ್‌ಗಳಲ್ಲಿ 01, 07 ಸಾಲಿನ ರಾ ವ್ಯಾಲ್ಯೂ ಕೋಟಿಗಟ್ಲೆ ಕಾಣುತ್ತೆ, ಅವರು ಲೆಕ್ಕ ಇಡೋ ರೀತಿನೇ ಬೇರೆ, ಅದು ರೋಗ ಅಲ್ಲ. ಸಿ7 (ಕೇಬಲ್‌ನಲ್ಲಿ ಡೇಟಾ ಸಾಗುವಾಗ ಆದ ತಪ್ಪಿನ ಲೆಕ್ಕ) ಏರ್ತಿದ್ರೆ ಡಿಸ್ಕ್ ಬದಲಾಯಿಸೋಕೆ ಮುಂಚೆ ಸಾಟಾ ಕೇಬಲ್ ಬದಲಾಯಿಸಿ, ಬಹಳ ಸಲ ಅಷ್ಟಕ್ಕೇ ಸರಿ ಹೋಗುತ್ತೆ.

ಒಂದು ಸ್ಟಾರ್ ಕಟ್ ಮಾಡಿದ್ದು ಹೆಕ್ಸ್‌ಗೆ, ಜೊತೆಗೆ ಇದ್ರಲ್ಲಿ ಡಿಸ್ಕ್ ಪೂರ್ತಿ ಓದಿ ಟೆಸ್ಟ್ ಮಾಡೋ ಆಪ್ಷನ್ ಇಲ್ಲ, ಅದಕ್ಕೆ ಡಿಸ್ಕ್ ಕಂಪನಿಯವರ ಟೂಲೇ ಬೇಕು, ಲಿನಕ್ಸ್ ಇದ್ರೆ ಸ್ಮಾರ್ಟ್‌ಸಿಟಿಎಲ್ ಅನ್ನೋ ಕಮಾಂಡ್ ಇದೆ. ಡೌನ್‌ಲೋಡ್ ಮಾಡೋರು ಜಿಪ್ ತಗೊಳ್ಳಿ, ಇನ್‌ಸ್ಟಾಲ್ ಬೇಕಿಲ್ಲ, ಪೆನ್‌ಡ್ರೈವ್‌ನಲ್ಲಿ ಇಟ್ಕೊಂಡು ಸೆಕೆಂಡ್ ಹ್ಯಾಂಡ್ ಸಿಸ್ಟಮ್ ಕೊಳ್ಳೋಕೆ ಹೋದಾಗ ಅಲ್ಲೇ ಓಡಿಸ್ಬಹುದು, 09 ಸಾಲಲ್ಲಿ ಡಿಸ್ಕ್ ಎಷ್ಟು ಗಂಟೆ ಓಡಿದೆ ಅಂತ ಬರುತ್ತೆ. ಕಾರ್ಟೂನ್ ಹುಡುಗಿ ಚಿತ್ರ ಇರೋ ಆವೃತ್ತಿಗಳೂ ಸಿಗ್ತವೆ, ಅದೇ ಸಾಫ್ಟ್‌ವೇರೇ, ಗಾಬರಿ ಆಗ್ಬೇಡಿ. ನಮ್ಮ ಕೌಂಟರ್ ಹುಡುಗ ಅದನ್ನೇ ಹಾಕ್ಕೊಂಡಿದಾನೆ.