ಹನ್ನೊಂದು ಮಿಲಿಮೀಟರ್ ಜಾಸ್ತಿ ರಬ್ಬರ್: ಎರಡು ಮಳೆಗಾಲ ಕಂಡ ಟೈರ್‌ಗಳ ಬಗ್ಗೆ

18 ಇಂಚಿನ ಅಲಾಯ್ ನೋಡೋಕೆ ಚಂದ. ಬೆಂಗಳೂರಿನ ಏರ್‌ಪೋರ್ಟ್ ರಸ್ತೆಯಲ್ಲಿ ಓಡಿಸೋಕೂ ಚಂದವೇ ಇರಬೇಕು. ಆಲ್ದೂರು ಕಡೆಯಿಂದ ಚಿಕ್ಕಮಗಳೂರಿಗೆ ದಿನಾ ಹೋಗಿ ಬರೋನಿಗೆ ಮಾತ್ರ ಅದು ದುಡ್ಡು ಕೈಬಿಡೋ ದಾರಿ.

ನನ್ನದು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230. ದಾರಿಯಲ್ಲಿ ನೋಡಿದವರಿಗೆ ಅದು ಮಾಮೂಲಿ ಸೆಡಾನ್, ಓಡಿಸಿದವರಿಗೆ ಮಾತ್ರ ಗೊತ್ತು. ಎಂಜಿನ್ ಪುರಾಣ ಇಲ್ಲಿ ಬೇಡ, ಬೇಕಾದವರು ಆಗಲೇ ಓದಿರ್ತೀರಿ. ಟೈರ್ ಮಾತಿಗೆ ಬೇಕಾದ್ದು ಒಂದೇ: 350 ಎನ್‌ಎಂ ಟಾರ್ಕ್ (ಚಕ್ರ ತಿರುಗಿಸೋ ಬಲ) ಅಷ್ಟೂ ಮುಂದಿನ ಎರಡು ಚಕ್ರಕ್ಕೇ ಹೋಗುತ್ತೆ. ಎಳೆಯೋದು, ತಿರುಗಿಸೋದು, ಬ್ರೇಕಿನ ಹೆಚ್ಚಿನ ಪಾಲು ಹೊರೋದು, ಎಲ್ಲ ಆ ಎರಡೇ ಟೈರ್.

ಕಾರು ಬಂದಾಗ ಹಳೇ ಮಾಲೀಕರು ಹಾಕಿಸಿದ್ದ 225/40 ಆರ್18 ಟೈರ್ ಇತ್ತು. ಅಂದ್ರೆ 225 ಮಿಲಿಮೀಟರ್ ಅಗಲ, ಅದರ 40 ಪರ್ಸೆಂಟ್ ಎತ್ತರದ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ), 18 ಇಂಚಿನ ರಿಮ್. ಬಟನ್ (ನೆಲಕ್ಕೆ ತಾಗೋ ರಬ್ಬರಿನ ಉಬ್ಬು) ಇನ್ನೂ ಚೆನ್ನಾಗೇ ಇತ್ತು. ಯಾವ ಕಂಪನಿಯದು ಅಂತ ಬರೆಯಲ್ಲ, ಯಾಕಂದ್ರೆ ನಡೆದದ್ದಕ್ಕೂ ಕಂಪನಿಗೂ ಸಂಬಂಧ ಕಡಿಮೆ. ಮಳೆನೀರು ತುಂಬಿದ ಗುಂಡಿ, ಆಳ ಕಾಣಲಿಲ್ಲ, ಎಡಗಡೆ ಮುಂದಿನ ಚಕ್ರ 'ಧಡ್' ಅಂತು. ಮಾರನೇ ದಿನ ಸೈಡ್‌ವಾಲ್‌ನಲ್ಲಿ ನಿಂಬೆಹಣ್ಣಿನಷ್ಟು ಗುಳ್ಳೆ. ರಿಮ್ಮಿನ ಅಂಚಿಗೂ ಗುಂಡಿಯ ಅಂಚಿಗೂ ಮಧ್ಯೆ ರಬ್ಬರ್ ಜಜ್ಜಿಹೋದಾಗ ಒಳಗಿನ ನೂಲಿನ ಪದರ ಹರಿಯುತ್ತೆ, ಆಮೇಲೆ ಒಳಗಿನ ಗಾಳಿ ಬರೀ ರಬ್ಬರನ್ನ ಹೊರಗೆ ದೂಡುತ್ತೆ. ಇದಕ್ಕೆ ಪ್ಯಾಚ್ ಇಲ್ಲ, ರಿಪೇರಿ ಇಲ್ಲ. ಟೈರ್ ಅಂಗಡಿಯವರು ಕೈಯಾಡಿಸಿ ನೋಡಿ, "ಸಾರ್, ಏಟು ಬಿದ್ದಿರೋದು. ವಾರಂಟಿ ಬರಲ್ಲ" ಅಂದ್ರು. ಅವರು ಹೇಳಿದ್ದು ಸರಿ. ಅದೇ ಮಳೆಗಾಲದಲ್ಲಿ ಇನ್ನೊಂದು ಹೋಯ್ತು.

ಇಲ್ಲಿಗೆ ನನ್ನ ತಾಳ್ಮೆ ಮುಗೀತು. ರಾತ್ರಿ ಕೂತು ಲೆಕ್ಕ ಹಾಕಿದೆ. 225ರ 40 ಪರ್ಸೆಂಟ್ ಅಂದ್ರೆ ಸೈಡ್‌ವಾಲ್ ಎತ್ತರ 90 ಮಿಲಿಮೀಟರ್. ಅದೇ 225/45 ಆರ್17 ಹಾಕಿದ್ರೆ 101. ಹನ್ನೊಂದು ಮಿಲಿಮೀಟರ್ ಜಾಸ್ತಿ. ಚಕ್ರದ ಒಟ್ಟು ವ್ಯಾಸ 637ರಿಂದ 634ಕ್ಕೆ ಇಳಿಯುತ್ತೆ, ಅಂದ್ರೆ ಸ್ಪೀಡೋಮೀಟರ್‌ನಲ್ಲಿ ಅರ್ಧ ಪರ್ಸೆಂಟ್ ಕೂಡ ವ್ಯತ್ಯಾಸ ಬರಲ್ಲ. ಯುರೋಪಿನಲ್ಲಿ ಈ ತಲೆಮಾರಿನ ಆರ್‌ಎಸ್ 17 ಇಂಚಿನಲ್ಲೂ ಬರ್ತಿತ್ತು. ಆದ್ರೂ ಬ್ರೇಕ್ ಕ್ಯಾಲಿಪರ್ (ಡಿಸ್ಕನ್ನ ಒತ್ತಿ ಹಿಡಿಯೋ ಭಾಗ) ದೊಡ್ಡದು, ಎಲ್ಲ 17 ಇಂಚಿನ ರಿಮ್ಮೂ ಕೂರಲ್ಲ. ದುಡ್ಡು ಕೊಡೋ ಮೊದಲು ಒಂದು ರಿಮ್ ಟೈರ್ ಇಲ್ಲದೆ ಹಾಕಿ ಕೈಯಲ್ಲಿ ತಿರುಗಿಸಿ ನೋಡಿ.

ಎಲ್ಲರೂ ದೊಡ್ಡ ರಿಮ್‌ಗೆ ಹೋಗ್ತಾರೆ, ನಾನು ಚಿಕ್ಕದಕ್ಕೆ ಬಂದೆ. ಗೆಳೆಯರು ನಕ್ಕರು. ನಗಲಿ, ಗುಳ್ಳೆ ಬಂದಾಗ ಅವರೇನೂ ದುಡ್ಡು ಕೊಡಲಿಲ್ಲವಲ್ಲ.

ಟೈರ್ ಹುಡುಕಿದ್ದೇ ಒಂದು ಕಥೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್‌ಗಳ ಆಮದನ್ನು ನಿರ್ಬಂಧದ ಪಟ್ಟಿಗೆ ಸೇರಿಸಿದ ಮೇಲೆ, ಹೊರಗಿಂದ ಬರೋ ಸ್ಪೋರ್ಟ್ಸ್ ಟೈರ್ ಬೇಕು ಅಂದ್ರೆ ಸಿಕ್ಕಾಗ ತಗೋಬೇಕು ಅನ್ನೋ ಸ್ಥಿತಿ. ಹಾಸನದ ಒಂದು ಅಂಗಡಿಯಲ್ಲಿ ನಾಲ್ಕು ಸಿಕ್ಕಿತು ಅಂತ ಖುಷಿಯಿಂದ ಹೋದೆ. ಟೈರ್ ಯಾವಾಗ ತಯಾರಾಯ್ತು ಅಂತ ಹೇಳೋ ಡಿಒಟಿ ಗುರುತಿನ ಕೊನೆಯ ನಾಲ್ಕು ಅಂಕಿ ನೋಡಿದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಅಂತಿದ್ರೆ 2019ರ 23ನೇ ವಾರದ್ದು. ಅಲ್ಲಿದ್ದ ಟೈರ್‌ಗಳಿಗೆ ಆಗಲೇ ಮೂರು ವರ್ಷ ದಾಟಿತ್ತು. "ಸಾರ್, ನೆರಳಲ್ಲೇ ಇಟ್ಟಿದ್ದು, ಏನೂ ಆಗಲ್ಲ" ಅಂದ್ರು. ರೇಟು ಮಾತ್ರ ಹೊಸ ಮಾಲಿನದ್ದೇ ಹೇಳಿದ್ರು. ಕೈಮುಗಿದು ಬಂದೆ. ಕೊನೆಗೆ ಬೆಂಗಳೂರಿನಿಂದ ತರಿಸಿದ್ದು ಮಿಶೆಲಿನ್ ಪೈಲಟ್ ಸ್ಪೋರ್ಟ್ 4, ಲೋಡ್ ಇಂಡೆಕ್ಸ್ 94. ಇದೇ ಸೈಜಿನಲ್ಲಿ 91ರದ್ದೂ ಇರುತ್ತೆ, ಅದು ಒಂದು ಟೈರ್‌ಗೆ 615 ಕೆ.ಜಿ. ಹೊರುತ್ತೆ, 94 ಅಂದ್ರೆ 670. ಕಾರಿಗೆ ಮೊದಲಿದ್ದುದಕ್ಕಿಂತ ಕಡಿಮೆಗೆ ಇಳಿಯೋದು ಬೇಡ ಅಂತ ಹಟ ಹಿಡಿದೆ.

ರಿಮ್ ಬಿಟ್ಟು ಬರೀ ಟೈರ್‌ಗೇ ಅರವತ್ತು ಸಾವಿರ ದಾಟಿತು. ಅಪ್ಪ ಬಿಲ್ ನೋಡಿ, "ಇಷ್ಟು ದುಡ್ಡಲ್ಲಿ ತೋಟಕ್ಕೆ ಎಷ್ಟು ಲೋಡ್ ಗೊಬ್ಬರ ಬರ್ತಿತ್ತು ಗೊತ್ತೇನೋ?" ಅಂದ್ರು. ಉತ್ತರ ನನ್ನತ್ರ ಇರಲಿಲ್ಲ.

ಹಾಕಿಸಿದ್ದು ಏಪ್ರಿಲ್‌ನಲ್ಲಿ. ಒಣ ರಸ್ತೆಯಲ್ಲಿ ಅಂಥ ವ್ಯತ್ಯಾಸ ಕಾಣಲೇ ಇಲ್ಲ. ಸ್ಟೀರಿಂಗ್ ತಿರುಗಿಸಿದ ತಕ್ಷಣ ಮೂತಿ ತಿರುಗೋ ಚುರುಕು ಒಂದು ಕೂದಲೆಳೆ ಕಡಿಮೆಯಾಯ್ತು, ಸೈಡ್‌ವಾಲ್ ಎತ್ತರವಾದ್ರೆ ಅದು ಸಹಜ. ಇದಕ್ಕಾ ಇಷ್ಟೆಲ್ಲ ಒದ್ದಾಡಿದ್ದು ಅನ್ನಿಸಿತು.

ಜೂನ್ ಬಂತು ನೋಡಿ.

ಮಲೆನಾಡಿನ ಮಳೆರಸ್ತೆ ಅಂದ್ರೆ ಬರೀ ನೀರಲ್ಲ. ತೋಟದ ಅಂಚಿನ ಸಿಲ್ವರ್ ಓಕ್ ಎಲೆ ಉದುರಿ ಡಾಂಬರಿಗೆ ಅಂಟಿಕೊಂಡಿರುತ್ತೆ. ಬಿಸಿಲೇ ಬೀಳದ ತಿರುವುಗಳಲ್ಲಿ ಅಂಚಿಗೆ ಪಾಚಿ. ಟ್ರ್ಯಾಕ್ಟರ್ ತೋಟದಿಂದ ಹೊರಬಂದ ಜಾಗದಲ್ಲಿ ಕೆಂಪು ಮಣ್ಣಿನ ತೆಳ್ಳಗಿನ ಪದರ. ಹಳೇ ಟೈರ್‌ನಲ್ಲಿ ಸೆಕೆಂಡ್ ಗೇರಲ್ಲಿ ಸ್ವಲ್ಪ ಕಾಲು ಒತ್ತಿದ್ರೂ ಡ್ಯಾಶ್‌ಬೋರ್ಡ್‌ನ ಹಳದಿ ದೀಪ ಪಕಪಕ ಅಂತಿತ್ತು, ಚಕ್ರ ಜಾರ್ತಿದೆ ಅನ್ನೋ ದೀಪ. ಮಳೆಗಾಲ ಪೂರ್ತಿ ಅದು ನನ್ನ ಸಹಪ್ರಯಾಣಿಕ. ಹೊಸ ಟೈರ್ ಬಂದ ಮೇಲೆ ಅದೇ ಏರಿನಲ್ಲಿ, ಅಷ್ಟೇ ಕಾಲು ಒತ್ತಿದ್ರೆ ದೀಪ ಸುಮ್ಮನೆ. ಬಲ್ಬ್ ಹೋಯ್ತಾ ಅಂತ ಇಗ್ನಿಷನ್ ಆಫ್ ಮಾಡಿ ಮತ್ತೆ ಆನ್ ಮಾಡಿ ನೋಡಿದ್ದೂ ಉಂಟು!

ಇದರಲ್ಲಿ ಮಾಯೆ ಏನಿಲ್ಲ. ರಬ್ಬರ್ ಮಿಶ್ರಣದಲ್ಲಿ ಸಿಲಿಕಾ ಹಾಕಿದ್ರೆ ಒದ್ದೆ ರಸ್ತೆಯಲ್ಲಿ ಹಿಡಿತ ಬರುತ್ತೆ, ಸುತ್ತಲೂ ಹೋಗೋ ಅಗಲ ಕಾಲುವೆಗಳು ನೀರನ್ನ ಪಕ್ಕಕ್ಕೆ ದೂಡುತ್ತವೆ. ಆದ್ರೆ ಅನುಭವಕ್ಕೆ ಬಂದಾಗಲೇ ಬೇರೆ. ಚಾರ್ಮಾಡಿ ಘಾಟಿಯಲ್ಲಿ ರಸ್ತೆ ಮೇಲೇ ನೀರು ಅಡ್ಡ ಹರೀತಾ ಇರೋವಾಗ, ಮಂಜಿನೊಳಗಿಂದ ಬಸ್ಸು ಮೂತಿ ತೋರಿಸಿದಾಗ, ಬ್ರೇಕ್ ಒತ್ತಿದ್ರೆ ಕಾರು ನೇರಕ್ಕೆ ನಿಲ್ಲುತ್ತೆ ಅನ್ನೋ ನಂಬಿಕೆ ಇದೆಯಲ್ಲ, ಅದಕ್ಕೆ ಅರವತ್ತು ಸಾವಿರ ಕೊಡಬಹುದು ಮಾರಾಯ್ರೇ. ಮೊದಲೆಲ್ಲ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಅಲ್ಲಿಂದಲೇ ವಾಪಸ್ ತಿರುಗಿಸ್ತಿದ್ದೆ, ಈಗ ಉಜಿರೆವರೆಗೂ ಹೋಗಿ ಬರ್ತೀನಿ. ವೇಗ ಜಾಸ್ತಿಯಾಗಿಲ್ಲ, ಮೈ ಬಿಗಿ ಹಿಡಿದು ಕೂರೋದು ತಪ್ಪಿದೆ.

ಗುಳ್ಳೆ? ಇಲ್ಲ. ಗುಂಡಿಗೆ ಬಿದ್ದಿಲ್ಲ ಅಂತಲ್ಲ, ಚೆನ್ನಾಗೇ ಬಿದ್ದಿದೆ.

ಇನ್ನು ಬೆಳಗಿನ ಪೂಜೆ. ಮನೆಯಿಂದ ಟಾರ್ ರಸ್ತೆವರೆಗೆ ತೋಟದ ಜಲ್ಲಿ ದಾರಿ. ಟೈರ್‌ನಲ್ಲಿ ಅಗಲ ಕಾಲುವೆಗಳಿರೋದ್ರಿಂದ ಸಣ್ಣ ಕಲ್ಲು ಸಿಕ್ಕಿಹಾಕ್ಕೊಂಡು, ಟಾರ್ ಹತ್ತಿದ ಮೇಲೆ ಟಕಟಕ ಸದ್ದು ಶುರು. ಹಾಗಾಗಿ ಕಾಫಿ ಲೋಟ ಒಂದು ಕೈಲಿ, ಹಳೇ ಸ್ಕೂಟರಿನ ಕೀ ಇನ್ನೊಂದು ಕೈಲಿ ಹಿಡ್ಕೊಂಡು ಒಂದು ಸುತ್ತು. ಮುಂದಿನ ಟೈರ್‌ಗಳಲ್ಲಿ ಕಾಣೋ ಕಲ್ಲು ಕೀಳೋದು, ಹೊರಗಿನ ಸೈಡ್‌ವಾಲ್ ಮೇಲೆ ಅಂಗೈ ಸವರೋದು. ಭಾನುವಾರ ಎಂಜಿನ್ ಸ್ಟಾರ್ಟ್ ಮಾಡೋಕೆ ಮುಂಚೆ, ಟೈರ್ ತಣ್ಣಗಿರುವಾಗಲೇ ಸ್ವಂತ ಗೇಜ್‌ನಲ್ಲಿ ಗಾಳಿ ನೋಡ್ತೀನಿ. ಬಂಕಿಗೆ ಹೋಗಿ ಮುಟ್ಟೋಷ್ಟರಲ್ಲಿ ಟೈರ್ ಬಿಸಿಯಾಗಿ ಎರಡು ಮೂರು ಪಿಎಸ್‌ಐ ಜಾಸ್ತಿ ತೋರಿಸುತ್ತೆ. ಅದನ್ನ ನೋಡಿ ಗಾಳಿ ಬಿಟ್ರೆ ಮಾರನೇ ಬೆಳಿಗ್ಗೆ ಕಡಿಮೆಯಾಗಿರುತ್ತೆ, ಕಡಿಮೆ ಗಾಳಿಯಲ್ಲಿ ಗುಂಡಿಗೆ ಬಿದ್ರೆ ಹನ್ನೊಂದು ಮಿಲಿಮೀಟರ್ ಲಾಭವೂ ಹೋಯ್ತು. ಮನೆಯವಳು "ರೀ, ನನ್ನ ಸ್ಕೂಟಿಗೂ ಒಂದು ಸಲ ನೋಡಬಾರದಾ?" ಅಂತಾಳೆ. ಈಗ ಅದಕ್ಕೂ ನೋಡ್ತೀನಿ.

ಯಾರಿಗೆ ಬೇಡ ಅಂತಲೂ ಹೇಳಿಬಿಡ್ತೀನಿ. ಮನೆ ದಾರಿ ಪೂರ್ತಿ ಮಣ್ಣಿನದ್ದಾದ್ರೆ ಈ ಜಾತಿಯ ಟೈರ್ ಯಾವ ಕಂಪನಿಯದ್ದಾದ್ರೂ ಕೆಸರಿನಲ್ಲಿ ಕೈಕೊಡುತ್ತೆ, ಅದು ಜೀಪಿನ ಕೆಲಸ. ಹಾಸನ-ಬೆಂಗಳೂರು ಹೆದ್ದಾರಿಯಲ್ಲಿ ನೂರರಲ್ಲಿ ಹಾಡು ಕೇಳ್ಕೊಂಡು ಹೋಗೋದೇ ನಿಮ್ಮ ದಿನಚರಿ ಅಂದ್ರೆ ಟೂರಿಂಗ್ ಟೈರ್ ಹಾಕಿ. ಸದ್ದು ಕಡಿಮೆ, ಬಾಳಿಕೆ ಜಾಸ್ತಿ, ದುಡ್ಡೂ ಉಳಿಯುತ್ತೆ. ಬಾಳಿಕೆ ಅಂದಾಜಿಗೆ ಸೈಡ್‌ವಾಲ್ ಮೇಲಿನ ಟ್ರೆಡ್‌ವೇರ್ ಅಂಕಿ ನೋಡಿ, ಇದಕ್ಕೆ 320. ಅಂಕಿ ದೊಡ್ಡದಾದಷ್ಟು ಸವೆಯೋದು ನಿಧಾನ, ಆದ್ರೆ ಅದು ಆಯಾ ಕಂಪನಿಯೇ ಕೊಟ್ಟುಕೊಳ್ಳೋ ಅಂಕಿ, ಬೇರೆ ಬೇರೆ ಕಂಪನಿಯವನ್ನ ಹೋಲಿಸೋಕೆ ಹೋಗಬೇಡಿ.

ನನ್ನವು ಮೂವತ್ತು ಸಾವಿರ ಕಿಲೋಮೀಟರ್ ಹತ್ತಿರ ಬಂದಿವೆ. ಬಟನ್ ಆಳ ಮುಂದಿನವುಗಳಲ್ಲಿ ನಾಲ್ಕು ಮಿಲಿಮೀಟರ್‌ಗೆ ಇಳಿದಿದೆ, ಹಿಂದಿನವುಗಳಲ್ಲಿ ಸ್ವಲ್ಪ ಜಾಸ್ತಿ ಇದೆ. ಕಾನೂನಿನ ಪ್ರಕಾರ 1.6ರವರೆಗೆ ಓಡಿಸಬಹುದು, ಆದ್ರೆ ಮೂರಕ್ಕಿಂತ ಕೆಳಗೆ ಇಳಿದ ಟೈರ್‌ನಲ್ಲಿ ಚಾರ್ಮಾಡಿ ಮಳೆಗೆ ನಾನಂತೂ ಹೋಗಲ್ಲ, ನೀರು ಹೊರದೂಡೋ ಶಕ್ತಿ ಅಷ್ಟರಲ್ಲಿ ತುಂಬ ಕುಗ್ಗಿರುತ್ತೆ. ಈ ಮೇ ಒಳಗೆ ಎರಡು ಬದಲಾಯಿಸಬೇಕು. ಅಂಗಡಿಯವರು ಈಗಲೇ "ಹೊಸದು ಮುಂದಕ್ಕೇ ಹಾಕೋಣ ಸಾರ್, ಎಳೆಯೋದು ಅದೇ ಅಲ್ವಾ" ಅಂತಿದ್ದಾರೆ. ಬೇಡ. ಒದ್ದೆ ತಿರುವಿನಲ್ಲಿ ಮುಂದಿನ ಚಕ್ರ ಜಾರಿದ್ರೆ ಕಾಲು ತೆಗೆದು ಸಂಭಾಳಿಸಬಹುದು, ಹಿಂದಿನದು ಜಾರಿದ್ರೆ ಕಾರು ಗಿರ್ರನೆ ತಿರುಗುತ್ತೆ. ಹೊಸ ಎರಡು ಹಿಂದಕ್ಕೆ, ಈಗ ಹಿಂದಿರೋದು ಮುಂದಕ್ಕೆ. ಯಾರ ಹತ್ರವಾದ್ರೂ ಈ ವರ್ಷದ ಡಿಒಟಿ ಇರೋ 225/45 ಆರ್17 ಜೋಡಿ ಕಂಡ್ರೆ ಕೆಳಗೆ ಹೇಳಿ, ಚಿಕ್ಕಮಗಳೂರಾದ್ರೂ ಸರಿ, ಹಾಸನವಾದ್ರೂ ಸರಿ.