ಕೆನಡಾದ ಕೋ-ಆಪ್ ಶುಲ್ಕ: ಪದವಿ ಮುಗಿಯುವವರೆಗೆ ಕಟ್ಟಿದವನ ವಿಮರ್ಶೆ

ಒಂಟಾರಿಯೊ ಪ್ರಾಂತ್ಯದ ವಿಶ್ವವಿದ್ಯಾಲಯವೊಂದರಲ್ಲಿ ಎಂಜಿನಿಯರಿಂಗ್ ಓದಿದ ನಾನು, ಓದುವ ಪ್ರತಿ ಟರ್ಮ್‌ನಲ್ಲೂ (ನಾಲ್ಕು ತಿಂಗಳ ಅವಧಿ) ಬೋಧನಾ ಶುಲ್ಕದ ಕೆಳಗೆ ಕಾಣಿಸಿಕೊಳ್ಳುತ್ತಿದ್ದ ‘ಕೋ-ಆಪ್ ಶುಲ್ಕ’ (ಕೋ-ಆಪ್ ಎಂದರೆ ಓದಿನ ನಡುನಡುವೆ ಕಂಪನಿಗಳಲ್ಲಿ ಸಂಬಳದ ಕೆಲಸ ಮಾಡುವ ವ್ಯವಸ್ಥೆ) ಎಂಬ ಒಂದು ಸಾಲನ್ನು ಪದವಿಯ ಕೊನೆಯವರೆಗೂ ಕಟ್ಟಿದ್ದೇನೆ. ಈ ಶುಲ್ಕದಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ, ಅದರ ಆಚೆಗೆ ಇನ್ನೆಷ್ಟು ಖರ್ಚು ಬರುತ್ತದೆ ಎಂಬುದನ್ನು ಅರ್ಜಿ ಹಾಕುವ ಮೊದಲೇ ತಿಳಿದುಕೊಳ್ಳಲು ಬಯಸುವವರಿಗಾಗಿ ಈ ವಿಮರ್ಶೆ. ನಾನು ಕೊಡುವ ಅಂಕ ಐದಕ್ಕೆ ಮೂರೂವರೆ. ಕಳೆದ ಒಂದೂವರೆ ಅಂಕಕ್ಕೆ ಶುಲ್ಕದ ಮೊತ್ತ ಕಾರಣವಲ್ಲ, ಅದನ್ನು ವಸೂಲು ಮಾಡುವ ರೀತಿ ಮತ್ತು ಸೇವೆಯಲ್ಲಿನ ಕೊರತೆ ಕಾರಣ.

ಮೊದಲು ವ್ಯವಸ್ಥೆಯ ಬಗ್ಗೆ ಎರಡು ಮಾತು. ಓದು ಮತ್ತು ಸಂಬಳದ ಕೆಲಸವನ್ನು ಸರದಿಯಂತೆ ಜೋಡಿಸುವ ಈ ಪದ್ಧತಿಯನ್ನು 1906ರಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಆರಂಭಿಸಿದರು. ಕೆನಡಾದಲ್ಲಿ ಅದು 1957ರಲ್ಲಿ ವಾಟರ್ಲೂ ವಿಶ್ವವಿದ್ಯಾಲಯದ ಸ್ಥಾಪನೆಯೊಂದಿಗೇ ಶುರುವಾಯಿತು. ಇಂದು ಕೆನಡಾದ ಕೋ-ಆಪ್ ಕಾರ್ಯಕ್ರಮಗಳಿಗೆ ಮಾನ್ಯತೆ ನೀಡುವ ರಾಷ್ಟ್ರೀಯ ಸಂಸ್ಥೆ ‘ಸೀವಿಲ್ ಕೆನಡಾ’. ಪ್ರತಿ ಕೆಲಸದ ಟರ್ಮ್ ಕನಿಷ್ಠ 12 ವಾರ ಅಥವಾ 420 ಗಂಟೆ ಇರಬೇಕು, ಕೆಲಸಕ್ಕೆ ಸಂಬಳ ಇರಬೇಕು, ವಿದ್ಯಾರ್ಥಿಯ ಪ್ರಗತಿಯನ್ನು ವಿಶ್ವವಿದ್ಯಾಲಯ ಗಮನಿಸುತ್ತಿರಬೇಕು, ಉದ್ಯೋಗದಾತರು ಮೌಲ್ಯಮಾಪನ ಮಾಡಬೇಕು ಎಂಬುವು ಅದರ ಮಾನದಂಡಗಳಲ್ಲಿ ಸೇರಿವೆ. ಶುಲ್ಕ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಬಹುಪಾಲು ಉತ್ತರ ಇಲ್ಲಿಯೇ ಇದೆ. ಉದ್ಯೋಗದಾತರನ್ನು ಹುಡುಕುವವರು, ಕೆಲಸದ ಪ್ರಕಟಣೆಗಳನ್ನು ಪರಿಶೀಲಿಸುವವರು, ಸಂದರ್ಶನಗಳ ವೇಳಾಪಟ್ಟಿ ಹಾಕುವವರು, ಟರ್ಮ್ ಮಧ್ಯದಲ್ಲಿ ಕೆಲಸದ ಜಾಗಕ್ಕೆ ಫೋನ್ ಮಾಡುವವರು, ಕೊನೆಗೆ ವರದಿ ಓದಿ ಅಂಕ ಹಾಕುವವರು, ಇವರೆಲ್ಲರ ಸಂಬಳ ಬರುವುದು ಬಹುಮಟ್ಟಿಗೆ ಈ ಸಾಲಿನಿಂದ.

ಹಾಗಾಗಿ ಇದು ಕೆಲಸ ಕೊಡಿಸುವುದಕ್ಕೆ ತೆರುವ ಕಮಿಷನ್ ಅಲ್ಲ. ಗ್ರಂಥಾಲಯಕ್ಕೆ ಚಂದಾ ಕಟ್ಟಿದ ಮಾತ್ರಕ್ಕೆ ಬೇಕಾದ ಪುಸ್ತಕ ಕಪಾಟಿನಲ್ಲಿ ಇದ್ದೇ ಇರುತ್ತದೆ ಎನ್ನಲಾಗದು. ಇಲ್ಲಿಯೂ ಹಾಗೆಯೇ, ಶುಲ್ಕ ಕಟ್ಟಿದವರಿಗೆ ಕೆಲಸ ಖಚಿತ ಎಂದು ಯಾವ ವಿಶ್ವವಿದ್ಯಾಲಯವೂ ಬರೆದುಕೊಡುವುದಿಲ್ಲ. ಊರಿನಿಂದ ಹಣ ಕಳಿಸುವ ಪೋಷಕರಿಗೆ ಇದನ್ನು ಮೊದಲೇ ವಿವರಿಸಿಡುವುದು ಒಳ್ಳೆಯದು. ‘ಪ್ಲೇಸ್‌ಮೆಂಟ್ ಫೀ ಕಟ್ಟಿದ ಮೇಲೆ ಕೆಲಸ ಯಾಕೆ ಸಿಗಲಿಲ್ಲ’ ಎಂಬ ಪ್ರಶ್ನೆಗೆ ನನ್ನ ಸಹಪಾಠಿಗಳಲ್ಲಿ ಹಲವರು ಫೋನಿನಲ್ಲಿ ಉತ್ತರ ಕೊಟ್ಟು ಕೊಟ್ಟು ಸುಸ್ತಾಗಿದ್ದನ್ನು ನೋಡಿದ್ದೇನೆ.

ವಸೂಲಾತಿಯಲ್ಲಿ ಮುಖ್ಯವಾಗಿ ಎರಡು ಪದ್ಧತಿಗಳಿವೆ. ಕೆಲವು ವಿಶ್ವವಿದ್ಯಾಲಯಗಳು ಕೆಲಸದ ಟರ್ಮ್ ಬಂದಾಗ ಮಾತ್ರ ಶುಲ್ಕ ಕೇಳುತ್ತವೆ. ಕೆಲಸ ಸಿಕ್ಕಿ ನೋಂದಣಿಯಾದರೆ ಕಟ್ಟುತ್ತೀರಿ, ಸಿಗದಿದ್ದರೆ ಆ ಟರ್ಮ್‌ನ ಶುಲ್ಕ ಬೀಳುವುದಿಲ್ಲ. ಇನ್ನು ಕೆಲವು, ನನ್ನದೂ ಸೇರಿದಂತೆ, ಒಟ್ಟು ವೆಚ್ಚವನ್ನು ಓದುವ ಟರ್ಮ್‌ಗಳ ಮೇಲೆ ಸಮನಾಗಿ ಹಂಚಿಬಿಡುತ್ತವೆ. ಈ ಎರಡನೆಯ ಪದ್ಧತಿಯಲ್ಲಿ ಸಂಬಳ ಬರುವ ತಿಂಗಳುಗಳಲ್ಲಿ ಶುಲ್ಕ ಇರುವುದಿಲ್ಲ, ಸಂಬಳವಿಲ್ಲದೆ ಬೋಧನಾ ಶುಲ್ಕದ ಹೊರೆ ಹೊತ್ತಿರುವ ತಿಂಗಳುಗಳಲ್ಲೇ ಅದು ಬಂದು ಕೂರುತ್ತದೆ. ಮೊದಲ ವರ್ಷದಲ್ಲಂತೂ ಒಂದು ಅರ್ಜಿಯನ್ನೂ ಹಾಕುವ ಮೊದಲೇ ಹಣ ಹೋಗಿರುತ್ತದೆ. ಕೆಲಸದ ಟರ್ಮ್ ಇಲ್ಲದ ಅವಧಿಗೂ ಏಕೆ ಶುಲ್ಕ ಎಂದು ಕೇಳಿದರೆ, ಕೋ-ಆಪ್ ಕಚೇರಿಯ ಕೆಲಸ ವರ್ಷವಿಡೀ ನಡೆಯುತ್ತದೆ ಎಂಬ ಉತ್ತರ ಬರುತ್ತದೆ. ತರ್ಕ ಸರಿಯೇ ಇದೆ, ಆದರೆ ಕೈಯಲ್ಲಿ ಕಾಸಿಲ್ಲದ ತಿಂಗಳಿನಲ್ಲಿ ಈ ತರ್ಕ ಅಷ್ಟೇನೂ ಸಮಾಧಾನ ಕೊಡುವುದಿಲ್ಲ.

ಇದರ ನಿಜವಾದ ಬೆಲೆಯನ್ನು ಅಳೆಯಲು ನಾನು ಬಳಸುವ ಲೆಕ್ಕ ಸರಳವಾದದ್ದು. ಉದಾಹರಣೆಗೆ, ಓದುವ ಎಂಟು ಟರ್ಮ್‌ಗಳಲ್ಲಿ ತಲಾ 750 ಡಾಲರ್ ಕಟ್ಟಿದರೆ ಒಟ್ಟು 6,000 ಡಾಲರ್ ಆಗುತ್ತದೆ. ಆರು ಕೆಲಸದ ಟರ್ಮ್ ಪೂರೈಸಿದವರಿಗೆ ಒಂದೊಂದಕ್ಕೆ 1,000 ಡಾಲರ್ ಬಿದ್ದಂತೆ. ಐದೇ ಪೂರೈಸಿದವರಿಗೆ 1,200. ಶುಲ್ಕಪಟ್ಟಿಯಲ್ಲಿರುವ ಅಂಕಿ ಬದಲಾಗದಿದ್ದರೂ ಒಂದು ಟರ್ಮ್ ಖಾಲಿ ಹೋದ ಕೂಡಲೇ ಉಳಿದವುಗಳ ಬೆಲೆ ಏರುತ್ತದೆ. ಇನ್ನು ಗಳಿಕೆಯ ಕಡೆ ನೋಡೋಣ. ಒಂಟಾರಿಯೊದ ಕನಿಷ್ಠ ವೇತನ 2024ರ ಅಕ್ಟೋಬರ್‌ನಿಂದ ಗಂಟೆಗೆ 17.20 ಡಾಲರ್ ಆಯಿತು. ವಾರಕ್ಕೆ 35 ಗಂಟೆಯಂತೆ 16 ವಾರ ದುಡಿದರೆ ತೆರಿಗೆ ಮತ್ತು ಇತರ ಕಡಿತಗಳಿಗೆ ಮುನ್ನ 9,632 ಡಾಲರ್ ಬರುತ್ತದೆ. ಅತ್ಯಂತ ಕಡಿಮೆ ಸಂಬಳದ ಕೆಲಸದಲ್ಲಿಯೂ 1,000 ಡಾಲರ್ ಶುಲ್ಕ ಗಳಿಕೆಯ ಹತ್ತನೇ ಒಂದು ಭಾಗಕ್ಕಿಂತ ಸ್ವಲ್ಪವೇ ಹೆಚ್ಚು, ಗಂಟೆಗೆ 25 ಡಾಲರ್ ಸಿಕ್ಕರೆ ಹದಿನಾಲ್ಕರಲ್ಲಿ ಒಂದು ಭಾಗ. ಕೆಲಸ ಸಿಕ್ಕವರಿಗೆ ಇದು ದುಬಾರಿಯಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಕೊಟ್ಟ ಹಣಕ್ಕೆ ಪ್ರತಿಯಾಗಿ ನನಗೆ ಸಿಕ್ಕ ಸೇವೆಯ ಗುಣಮಟ್ಟ ಒಂದೇ ಸಮನಾಗಿರಲಿಲ್ಲ. ಕೆಲಸದ ಪ್ರಕಟಣೆಗಳ ಪೋರ್ಟಲ್ ನಿಸ್ಸಂದೇಹವಾಗಿ ಅತ್ಯುತ್ತಮ ಭಾಗ. ಹೊರಗಿನ ಜಾಲತಾಣಗಳಲ್ಲಿ ಅನುಭವಿಗಳ ಜೊತೆ ಪೈಪೋಟಿಗೆ ಬೀಳಬೇಕಾದ ಎರಡನೇ ವರ್ಷದ ವಿದ್ಯಾರ್ಥಿಗೆ, ‘ವಿದ್ಯಾರ್ಥಿಯೇ ಬೇಕು, ನಾಲ್ಕು ತಿಂಗಳಿಗೆ ಬೇಕು’ ಎಂದು ತಾವಾಗಿಯೇ ಬರುವ ಕಂಪನಿಗಳ ಪಟ್ಟಿ ಸಿಗುವುದು ಸಣ್ಣ ವಿಷಯವಲ್ಲ. ರೆಸ್ಯುಮೆ ತಿದ್ದುವ ಸಲಹೆಗಾರರಿಂದಲೂ ನಿಜವಾದ ಪ್ರಯೋಜನವಾಯಿತು. ನಾನು ‘ತಂಡದೊಂದಿಗೆ ಕೆಲಸ ಮಾಡಿದೆ’ ಎಂದು ಬರೆದಿದ್ದ ಸಾಲಿನ ಮೇಲೆ ಆಕೆ ಪೆನ್ಸಿಲ್ ಇಟ್ಟು, ‘ತಂಡ ಏನು ಮಾಡಿತು ಎಂಬುದು ಬೇಡ, ನೀವು ಯಾವ ಭಾಗ ಕಟ್ಟಿದಿರಿ, ಅದನ್ನು ಯಾರು ಬಳಸಿದರು, ಅಷ್ಟು ಬರೆಯಿರಿ’ ಎಂದರು. ಅಣಕು ಸಂದರ್ಶನದ ಧ್ವನಿಮುದ್ರಣ ಕೇಳಿಸಿಕೊಂಡಾಗ, ಸಂಬಳದ ಪ್ರಶ್ನೆ ಬಂದ ಕಡೆಯಲ್ಲೆಲ್ಲ ನನ್ನ ದನಿ ತಗ್ಗುತ್ತಿದ್ದುದು ನನಗೇ ಗೊತ್ತಾಯಿತು.

ಕೆಲಸದ ಜಾಗದ ಭೇಟಿ ಮಾತ್ರ ಹೆಸರಿಗಷ್ಟೇ ನಡೆಯುತ್ತಿತ್ತು. ಕೋ-ಆಪ್ ಕಚೇರಿಯ ಕೋ-ಆರ್ಡಿನೇಟರ್ ಟರ್ಮ್ ಮಧ್ಯದಲ್ಲಿ ಬಂದು ಮ್ಯಾನೇಜರ್ ಜೊತೆಗೂ ನನ್ನ ಜೊತೆಗೂ ಬೇರೆ ಬೇರೆಯಾಗಿ ಮಾತಾಡುತ್ತಾರೆ ಎಂದು ಕೈಪಿಡಿಯಲ್ಲಿತ್ತು. ನಡೆದದ್ದು ಮ್ಯಾನೇಜರ್ ಎದುರಲ್ಲೇ ಕೂತು ಮಾತಾಡಿದ ಒಂದು ಪುಟ್ಟ ವಿಡಿಯೊ ಕರೆ. ಪಕ್ಕದಲ್ಲೇ ಮ್ಯಾನೇಜರ್ ಇರುವಾಗ ‘ಕೆಲಸ ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ’ ಎನ್ನದೆ ಬೇರೇನು ಹೇಳಲು ಸಾಧ್ಯ? ಇನ್ನೊಂದು ಟರ್ಮ್‌ನಲ್ಲಿ ಮಾರುಕಟ್ಟೆ ಕುಸಿದು ನನ್ನ ತರಗತಿಯ ಅನೇಕರಂತೆ ನನಗೂ ಕೆಲಸ ಸಿಗಲಿಲ್ಲ. ಶುಲ್ಕದಲ್ಲಿ ರಿಯಾಯಿತಿ ಇದೆಯೇ ಎಂದು ಬರೆದ ಪತ್ರಕ್ಕೆ, ಸೇವೆಗಳು ಎಂದಿನಂತೆ ಲಭ್ಯವಿವೆ ಎಂಬ ಸಿದ್ಧ ಉತ್ತರ ಬಂತು. ನಾನು ಅಂಕ ಕಡಿತ ಮಾಡಿದ್ದು ಮುಖ್ಯವಾಗಿ ಈ ಎರಡಕ್ಕೆ.

ಶುಲ್ಕಪಟ್ಟಿಯಲ್ಲಿ ಕಾಣದ ಖರ್ಚುಗಳನ್ನು ಕೋ-ಆಪ್ ಶುಲ್ಕಕ್ಕಿಂತ ಗಂಭೀರವಾಗಿ ಪರಿಗಣಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ವಿಶ್ವವಿದ್ಯಾಲಯ ಇರುವ ಊರಿನಲ್ಲಿ ಹನ್ನೆರಡು ತಿಂಗಳ ಲೀಸ್‌ಗೆ ಸಹಿ ಹಾಕಿರುತ್ತೀರಿ, ಕೆಲಸ ಟೊರಾಂಟೊದಲ್ಲೋ ವ್ಯಾಂಕೂವರ್‌ನಲ್ಲೋ ಸಿಗುತ್ತದೆ. ನಿಮ್ಮ ಕೋಣೆಯನ್ನು ನಾಲ್ಕು ತಿಂಗಳಿಗೆ ಸಬ್‌ಲೆಟ್ ಮಾಡಲು ಹೊರಟರೆ, ನಿಮ್ಮ ಹಾಗೆಯೇ ಊರು ಬಿಡುವ ನೂರಾರು ಜನ ಅದೇ ವಾರ ಅದೇ ಪ್ರಯತ್ನದಲ್ಲಿರುತ್ತಾರೆ, ಬಾಡಿಗೆ ಅರ್ಧಕ್ಕಿಳಿಸಿದರೂ ಯಾರೂ ಬರದಿರಬಹುದು. ನನಗೆ ಹೀಗಾದ ಒಂದು ಟರ್ಮ್‌ನಲ್ಲಿ ಎರಡು ಬಾಡಿಗೆಗಳ ಹೊರೆಯೇ ಒಂದು ಇಡೀ ವರ್ಷದ ಕೋ-ಆಪ್ ಶುಲ್ಕವನ್ನು ನುಂಗಿತು. ಓದು ನಾಲ್ಕು ವರ್ಷಕ್ಕೆ ಮುಗಿಯದೆ ಐದಕ್ಕೆ ಚಾಚುವುದರಿಂದ ವಾರ್ಷಿಕ ಬೋಧನಾ ಶುಲ್ಕದ ಏರಿಕೆ ಇನ್ನೊಂದು ವರ್ಷ ತಟ್ಟುತ್ತದೆ, ಆರೋಗ್ಯ ವಿಮೆಯೂ ಅಷ್ಟು ಕಾಲ ಮುಂದುವರಿಯಬೇಕು.

ವಿದೇಶಿ ವಿದ್ಯಾರ್ಥಿಗಳಿಗೆ ಇನ್ನೂ ಒಂದೆರಡು ಸಂಗತಿಗಳಿವೆ. ನಾನು ಓದುವಾಗ ಸ್ಟಡಿ ಪರ್ಮಿಟ್ ಜೊತೆಗೆ ಪ್ರತ್ಯೇಕ ಕೋ-ಆಪ್ ವರ್ಕ್ ಪರ್ಮಿಟ್ ಕಡ್ಡಾಯವಾಗಿತ್ತು. ಅದಕ್ಕೆ ಸರ್ಕಾರಿ ಶುಲ್ಕವಿರಲಿಲ್ಲ, ಆದರೆ ಅದು ಕೈಸೇರುವ ಮೊದಲು ಕೆಲಸ ಶುರು ಮಾಡುವಂತಿರಲಿಲ್ಲವಾದ್ದರಿಂದ ತಡವಾದರೆ ಸಂಬಳವೇ ಹೋಗುತ್ತಿತ್ತು. ಎರಡನೆಯದು ಉದ್ಯೋಗದಾತರಿಗೆ ಸಿಗುವ ನೆರವು. ಒಂಟಾರಿಯೊ ಸರ್ಕಾರ ಕೋ-ಆಪ್ ವಿದ್ಯಾರ್ಥಿಯನ್ನು ತೆಗೆದುಕೊಂಡ ಕಂಪನಿಗೆ ಒಂದು ಪ್ಲೇಸ್‌ಮೆಂಟ್‌ಗೆ ಗರಿಷ್ಠ 3,000 ಡಾಲರ್ ತೆರಿಗೆ ರಿಯಾಯಿತಿ ಕೊಡುತ್ತದೆ. ಕೇಂದ್ರದ ‘ಸ್ಟೂಡೆಂಟ್ ವರ್ಕ್ ಪ್ಲೇಸ್‌ಮೆಂಟ್ ಪ್ರೋಗ್ರಾಂ’ ಸಂಬಳದ ಅರ್ಧದಷ್ಟನ್ನು 5,000 ಡಾಲರ್ ಮಿತಿಯೊಳಗೆ ಭರಿಸುತ್ತಿತ್ತು. ಮೊದಲ ವರ್ಷದವರು ಮತ್ತು ಇನ್ನು ಕೆಲವು ಗುಂಪುಗಳಿಗೆ ಅದು ಶೇ. 70ರಷ್ಟು, 7,000 ಡಾಲರ್‌ವರೆಗೆ. ಕೇಂದ್ರದ ಈ ನೆರವು ಕೆನಡಾದ ಪ್ರಜೆಗಳು, ಕಾಯಂ ನಿವಾಸಿಗಳು ಮತ್ತು ಸಂರಕ್ಷಿತ ವ್ಯಕ್ತಿಗಳನ್ನು (ಆಶ್ರಯ ಪಡೆದ ನಿರಾಶ್ರಿತರನ್ನು) ತೆಗೆದುಕೊಂಡರೆ ಮಾತ್ರ. ಸಣ್ಣ ಕಂಪನಿಗಳ ಪ್ರಕಟಣೆಯಲ್ಲಿ ಈ ಅರ್ಹತೆಯ ಸಾಲು ಕಂಡಾಗಲೆಲ್ಲ ನಾನು ಮುಂದಿನದಕ್ಕೆ ಹೋಗುತ್ತಿದ್ದೆ. ನಾನೂ ನನ್ನ ಕೆನಡಿಯನ್ ಸಹಪಾಠಿಯೂ ಒಂದೇ ಕೋ-ಆಪ್ ಶುಲ್ಕ ಕಟ್ಟಿದರೂ ನಮಗೆ ತೆರೆದಿದ್ದ ಪಟ್ಟಿ ಒಂದೇ ಆಗಿರಲಿಲ್ಲ. ಕೆಲವು ವಿಶ್ವವಿದ್ಯಾಲಯಗಳಲ್ಲಿ ವಿದೇಶಿಗರಿಗೆ ದರವೇ ಹೆಚ್ಚು ಎಂಬುದನ್ನೂ ನೋಡಿಕೊಳ್ಳಬೇಕು.

ತೆರಿಗೆಯ ವಿಷಯ ಚಿಕ್ಕದು. ವಿಶ್ವವಿದ್ಯಾಲಯ ಪ್ರತಿ ವರ್ಷ ಕೊಡುವ ಟಿ2202 ನಮೂನೆಯಲ್ಲಿ ತೆರಿಗೆ ರಿಯಾಯಿತಿಗೆ ಅರ್ಹವಾದ ಶುಲ್ಕದ ಒಟ್ಟು ಮೊತ್ತವಿರುತ್ತದೆ, ಅದನ್ನು ಶುಲ್ಕಪಟ್ಟಿಯೊಂದಿಗೆ ಹೋಲಿಸಿ ಕೋ-ಆಪ್ ಸಾಲು ಒಳಗಿದೆಯೇ ಎಂದು ಒಮ್ಮೆ ಪರೀಕ್ಷಿಸಿಕೊಳ್ಳಿ.

ಕೋ-ಆಪ್ ಕಡ್ಡಾಯವಲ್ಲದ, ಆಯ್ಕೆಯಾಗಿರುವ ಪದವಿಗೆ ಸೇರುವವರು ಒಪ್ಪಿಗೆ ಕೊಡುವ ಮೊದಲು ಕಚೇರಿಗೆ ನೇರವಾಗಿ ಬರೆದು ಉತ್ತರವನ್ನು ಬರಹದಲ್ಲೇ ಪಡೆದಿಟ್ಟುಕೊಳ್ಳುವುದು ಕ್ಷೇಮ. ಶುಲ್ಕ ಯಾವ ಟರ್ಮ್‌ನಿಂದ ಶುರುವಾಗಿ ಯಾವುದಕ್ಕೆ ನಿಲ್ಲುತ್ತದೆ, ನಡುವೆ ಕೋ-ಆಪ್ ಬಿಟ್ಟು ಸಾಮಾನ್ಯ ಪದವಿಗೆ ಬದಲಾದರೆ ಕಟ್ಟಿದ್ದರಲ್ಲಿ ಎಷ್ಟು ಹಿಂದಿರುಗುತ್ತದೆ, ಬಿಡುವುದಕ್ಕೆ ಕೊನೆಯ ದಿನಾಂಕ ಯಾವುದು, ತಾನಾಗಿಯೇ ಹುಡುಕಿಕೊಂಡ ಕೆಲಸಕ್ಕೂ ಅದೇ ಶುಲ್ಕವೇ ಎಂಬುದನ್ನೆಲ್ಲ ಕೇಳಿ. ಈ ಕೊನೆಯ ಪ್ರಶ್ನೆಗೆ ನನಗೆ ಬಂದ ಉತ್ತರ ‘ಹೌದು’ ಎಂದಾಗಿತ್ತು. ಆ ಕೆಲಸಕ್ಕೆ ಪೋರ್ಟಲ್ಲಾಗಲಿ ಸಲಹೆಗಾರರಾಗಲಿ ಬೇಕಾಗಿರಲಿಲ್ಲ, ಆದರೆ ಅದು ಕೋ-ಆಪ್ ಟರ್ಮ್ ಎಂದು ಅಂಕಪಟ್ಟಿಯಲ್ಲಿ ದಾಖಲಾಗಬೇಕಿದ್ದರೆ ಕಚೇರಿಯ ಒಪ್ಪಿಗೆ ಬೇಕೇ ಬೇಕಿತ್ತು.