ಹಳೇ ದೋಣಿ ಮಾಡೆಲ್‌ನ ಓಕ್ ಪೆಟ್ಟಿಗೇಲಿ ಮುಚ್ಚಿಡ್ಬೇಡಿ, ಸೀಸ (ಲೆಡ್) ಪುಡಿಯಾಗುತ್ತೆ

ಹಳೇ ಹಡಗು, ದೋಣಿ ಮಾಡೆಲ್ ಇಟ್ಕೊಂಡಿರೋರು ದಯವಿಟ್ಟು ಪೂರ್ತಿ ಓದಿ. ನಾನಿರೋದು ನ್ಯೂ ಆರ್ಲಿಯನ್ಸ್‌ನಲ್ಲಿ, ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನ ದಡಕ್ಕಿಳಿಸ್ತಿದ್ದ ಹಿಗ್ಗಿನ್ಸ್ ದೋಣಿ ತಯಾರಾಗ್ತಿದ್ದ ಊರು. 36 ಅಡಿ ಪ್ಲೈವುಡ್ ದೋಣಿ, 36 ಜನ ಹಿಡೀತಿದ್ರು, ಮುಂದಿನ ಬಾಗ್ಲು ಕೆಳಕ್ಕೆ ಬಿದ್ರೆ ಅದ್ರ ಮೇಲೇ ಓಡ್ಕೊಂಡು ಇಳೀಬೇಕು. ಆ ಥರ ಬಾಗ್ಲನ್ನ 1937ರಲ್ಲೇ ಶಾಂಘೈಲಿ ಜಪಾನೀಯರ ದೋಣೀಲಿ ನೋಡಿ ಫೋಟೋ ತೆಗೆದಿದ್ದು ವಿಕ್ಟರ್ ಕ್ರೂಲಾಕ್ ಅನ್ನೋ ಅಮೆರಿಕದ ಮರೀನ್ ಆಫೀಸರ್, ವರದಿ ಕಳ್ಸಿದ್ರೂ ಮೇಲಿನೋರು ಮೂಲೆಗೆ ಹಾಕಿದ್ರು, ಆಮೇಲೆ ಕ್ರೂಲಾಕ್ ಅವ್ರೇ ಬಾಲ್ಸಾ ಅನ್ನೋ ಹಗುರ ಮರದಲ್ಲಿ ಮಾಡೆಲ್ ಮಾಡ್ಕೊಂಡು ಹೋಗಿ ತೋರ್ಸಿದ್ರು. ಅದಕ್ಕೇ ನಂಗೆ ಈ ದೋಣಿ ಮಾಡೆಲ್ ಅಂದ್ರೆ ಪ್ರಾಣ.

ಒಂದು ಎಸ್ಟೇಟ್ ಸೇಲ್‌ನಲ್ಲಿ (ತೀರ್ಕೊಂಡೋರ ಮನೆ ಸಾಮಾನೆಲ್ಲಾ ಮಾರೋದು) ಹಳೇದೊಂದು ಸಿಕ್ತು, 1:48 ಸ್ಕೇಲು, 9 ಇಂಚು, ಮೈಯೆಲ್ಲಾ ಮರ, ಹಿಂಭಾಗದ ಎರಡು ಮೆಷಿನ್ ಗನ್ ಮಾತ್ರ ಸೀಸದ್ದು. ಧೂಳು ಕೂರಬಾರ್ದು ಅಂತ ಅಂಗಡೀಲಿ ಹೇಳಿ ಓಕ್ ಫ್ರೇಮ್‌ನ ಗಾಜಿನ ಪೆಟ್ಟಿಗೆ ಮಾಡ್ಸಿದೆ, ಅವ್ರು ಸಂದಿಗೆಲ್ಲಾ ಸಿಲಿಕೋನ್ ಹಾಕಿ ಗಾಳಿ ಆಡದ ಹಾಗೆ ಸೀಲ್ ಮಾಡ್ಕೊಟ್ರು.

ಹದಿನಾಲ್ಕು ತಿಂಗಳಾದ್ಮೇಲೆ ತೆಗೆದ್ರೆ ವಿನಿಗರ್ ವಾಸನೆ ಗಪ್ಪಂತ ಮೂಗಿಗೆ ಬಡೀತು. ಗನ್ ಮೇಲೆ ಅಕ್ಕಿಹಿಟ್ಟು ಉದುರಿಸಿದ ಹಾಗೆ ಬೆಳ್ಳಗೆ. ಬೂಷ್ಟು ಹಿಡ್ದಿದೆ ಅನ್ಕೊಂಡು ಬಾಯಲ್ಲಿ ಊದ್ದೆ, ಬಟ್ಟೇಲಿ ಒರೆಸಿದ್ರೆ ಒಂದು ಗನ್ನಿನ ನಳಿಕೆ ಹಾಗೇ ಪುಡಿಯಾಗಿ ಬಟ್ಟೆಗೆ ಬಂತು, ಪಕ್ಕದಲ್ಲೇ ಮಗಳು ನಿಂತಿದ್ಲು.

ಅದು ಬೂಷ್ಟಲ್ಲ, ಸೀಸದ ಕಾರ್ಬೊನೇಟ್, ವಿಷ. ಓಕ್ ಮರ ಅಸಿಟಿಕ್ ಆಸಿಡ್ ಹಬೆ ಬಿಡ್ತಾನೇ ಇರುತ್ತೆ, ವಿನಿಗರ್ ವಾಸನೆ ಬರೋ ಸಿಲಿಕೋನ್ ಕೂಡ ಒಣಗೋವಾಗ ಅದನ್ನೇ ಬಿಡುತ್ತೆ. ಮುಚ್ಚಿದ ಪೆಟ್ಟಿಗೇಲಿ ಆ ಹಬೆ ಸೀಸಾನ ತಿನ್ನುತ್ತೆ, ಗಾಳೀಲಿರೋ ಕಾರ್ಬನ್ ಡೈಆಕ್ಸೈಡ್ ಸೇರಿ ಬಿಳಿ ಪುಡಿ ಆಗುತ್ತೆ, ಆಸಿಡ್ ಬಿಡುಗಡೆಯಾಗಿ ಮತ್ತೆ ಸೀಸಕ್ಕೇ ಅಂಟ್ಕೊಳುತ್ತೆ. ಹಿಂದೆ ಪೇಂಟಿಗೆ ಬಿಳಿ ಬಣ್ಣ ಮಾಡ್ತಿದ್ದಿದ್ದೂ ಹೀಗೇ, ಸೀಸಾನ ವಿನಿಗರ್ ಹಬೇಲಿಟ್ಟು.

ಮಗಳ ರಕ್ತ ಟೆಸ್ಟ್ ಮಾಡ್ಸಿದ್ವಿ, ನಾರ್ಮಲ್ ಬಂತು, ಆದ್ರೆ ರಿಪೋರ್ಟ್ ಬರೋತನಕ ನಾವು ಸರಿಯಾಗಿ ನಿದ್ದೆ ಮಾಡ್ಲಿಲ್ಲ.

ನಿಮ್ಮ ಮಾಡೆಲ್‌ನಲ್ಲಿ ಬಿಳಿ ಪುಡಿ ಕಂಡ್ರೆ ಊದ್ಬೇಡಿ, ಬರಿಗೈಲಿ ಮುಟ್ಬೇಡಿ, ಮಕ್ಕಳನ್ನ ದೂರ ಕಳ್ಸಿ, ಗ್ಲೌಸ್ ಮಾಸ್ಕ್ ಹಾಕ್ಕೊಂಡೇ ಹತ್ರ ಹೋಗಿ. ಪೆಟ್ಟಿಗೆಗೆ ಓಕ್, ಪ್ಲೈವುಡ್ ಬೇಡ, ಗಾಜು ಇಲ್ಲಾ ಅಕ್ರಿಲಿಕ್‌ಗೆ ಮೆಟಲ್ ಫ್ರೇಮ್ ಹಾಕ್ಸಿ, ಗಾಳಿ ಆಡೋಕೆ ತೂತು ಬಿಡಿಸಿ.

ನನ್ನ ದೋಣೀಲಿ ಈಗ ಒಂದೇ ಗನ್ ಉಳಿದಿದೆ, ಇನ್ನೊಂದಿದ್ದ ಜಾಗದಲ್ಲಿ ಸಾಸಿವೆ ಕಾಳಿನಷ್ಟು ತೂತು.